ಮೀಸೆಯಿದ್ದ ಸೂಲಗಿತ್ತಿ

ಬೆಂಗಳೂರಿನಲ್ಲಿ ಮೀಸೆ ಇಟ್ಟುಕೊಂಡು ಸೂಲಗಿತ್ತಿಯ ಓದು ಓದಿದವರು ಯಾರಾದರೂ ಇದ್ದರೆ ಅದು ನಮ್ಮ ಮಾವನವರು ಒಬ್ಬರೇ. ನಗಬೇಡಿ. ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟಿನಲ್ಲಿ ಇರುವುದು ನನ್ನ ಹೆಸರೇ, ಒಪ್ಪುತ್ತೇನೆ. ಆದರೆ ಕ್ಲಾಸಿಗೆ ಹೋದವಳು ನಾನು, ಓದಿದವರು ಅವರು!

ಮಾವನವರಿಗೆ ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇತ್ತು. ಶುಂಠಿ, ಹಿಪ್ಪಲಿ, ಬಜೆ, ಓಮ, ವಿಭೂತಿ, ಕರ್ಪೂರ ಎಲ್ಲ ಅಲ್ಲಿ ಸಿಗುತ್ತಿತ್ತು. ಹುಟ್ಟಿದವರಿಗೆ ಬೇಕಾದ್ದೂ ಹೋದವರಿಗೆ ಬೇಕಾದ್ದೂ ಒಂದೇ ಗಲ್ಲಾದ ಮುಂದೆ. ದಪ್ಪ ಮೀಸೆ, ಹಣೆತುಂಬ ವಿಭೂತಿ, ತಲೆಗೆ ರುಮಾಲು. ನೋಡಿದವರು ಬಹಳ ಗಂಭೀರ ಮನುಷ್ಯ ಅಂದುಕೊಳ್ಳುತ್ತಿದ್ದರು. ಅವರು ಬಾಯಿ ಬಿಡುವವರೆಗೆ ಮಾತ್ರ.

ನಾನು ಅವರ ಹಿರಿಯ ಸೊಸೆ. ಚಾಮರಾಜಪೇಟೆಯ ಆ ಮನೆಗೆ ಬಂದು ಬಹಳ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಆಗಿನ ಕಾಲದಲ್ಲಿ ಇದಕ್ಕೆ ಮದ್ದು ಒಂದೇ: ಗಂಡನಿಗೆ ಇನ್ನೊಂದು ಮದುವೆ. ಆ ಮದ್ದನ್ನು ಹೊತ್ತುಕೊಂಡು ಒಂದು ದಿನ ಮಾವನವರ ಅಕ್ಕ ಬಂದರು. ತುಮಕೂರಿನ ಕಡೆಯ ಹುಡುಗಿಯಂತೆ, ಲಕ್ಷಣವಂತೆಯಂತೆ, ಹುಡುಗಿಯ ಅಕ್ಕಂದಿರಿಗೆಲ್ಲ ಮನೆತುಂಬ ಮಕ್ಕಳಂತೆ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದರು. ಅವರು ಒಳ್ಳೆಯವರು, ಆದರೆ ಅಪ್ಪ, ಸೋದರತ್ತೆಯರ ಎದುರಿಗೆ ಅವರಿಗೆ ಮಾತು ಹೊರಡುತ್ತಿರಲಿಲ್ಲ.

ಮಾವನವರು ಎಲೆಯಡಿಕೆ ಮುಗಿಸಿ ನಿಧಾನವಾಗಿ ಕೇಳಿದರು: "ಆ ಹುಡುಗಿಗೆ ಓದು ಬರತ್ತಾ ಅಕ್ಕ?"

"ಓದು ಯಾಕೋ?"

"ನಮ್ಮನೆ ಸೊಸೆ ಅಂದ್ರೆ ಆಸ್ಪತ್ರೇಲಿ ಓದೋಳಾಗಿರ್ಬೇಕು. ದೊಡ್ಡೋಳು ಸೋಮವಾರದಿಂದ ಮಿಡ್‌ವೈಫ್ ಕ್ಲಾಸಿಗೆ ಹೋಗ್ತಾ ಇದಾಳೆ."

ಮನೆಯಲ್ಲಿ ಎಲ್ಲರೂ ಬೆಚ್ಚಿಬಿದ್ದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ನಾನು. ಏಕೆಂದರೆ ಆ ಸುದ್ದಿ ನನಗೂ ಗೊತ್ತಾಗಿದ್ದು ಆಗಲೇ!

ಆಮೇಲೆ ತಿಳಿಯಿತು. ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಜೇನುತುಪ್ಪಕ್ಕೆ ಅಂಗಡಿಗೆ ಬರುತ್ತಿದ್ದರಂತೆ. ಕ್ಲಾಸು ಶುರುಮಾಡಿದ್ದೇವೆ, ಕನ್ನಡ ಓದಲು ಬರೆಯಲು ಬರುವ ಹೆಂಗಸರು ಸಿಗುತ್ತಿಲ್ಲ ಎಂದು ಬೇಸರಪಟ್ಟುಕೊಂಡರಂತೆ. ಮಾವನವರು ಹಿಪ್ಪಲಿ ಇದೆ ಎನ್ನುವ ಹಾಗೆಯೇ "ನಮ್ಮಲ್ಲಿ ಇದಾಳೆ" ಎಂದುಬಿಟ್ಟರಂತೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಅದನ್ನು ಅವರು ಡಾಕ್ಟರಮ್ಮನಿಗೆ ಹೇಳುವಾಗ ಸ್ವಲ್ಪ ತೂಕ ಹೆಚ್ಚು ಮಾಡಿಯೇ ಹೇಳಿದ್ದರು. ಜನ್ಮದಲ್ಲಿ ಅವರು ತೂಕದಲ್ಲಿ ಮಾಡಿದ ಮೋಸ ಅದೊಂದೇ ಇರಬೇಕು.

ತುಮಕೂರಿನ ಹುಡುಗಿಯ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ನಮ್ಮ ಅತ್ತೆ ಗಂಡನೊಡನೆ ಮಾತು ಬಿಟ್ಟರು. ಊಟಕ್ಕೆ ಕರೆಯಬೇಕಾದರೆ ನನ್ನ ಕಡೆ ತಿರುಗಿ, "ನಿಮ್ಮ ಮೇಷ್ಟ್ರಿಗೆ ಹೇಳಮ್ಮ, ಮುದ್ದೆ ಆರತ್ತೆ ಅಂತ" ಎನ್ನುತ್ತಿದ್ದರು. ಮೇಷ್ಟ್ರು ಅಲ್ಲೇ ಎದುರಿಗೆ ಕೂತಿರುತ್ತಿದ್ದರು.

ಮೇಷ್ಟ್ರು ಎಂದಿದ್ದು ಸುಳ್ಳಲ್ಲ. ಸೊಸೆಯನ್ನು ಒಬ್ಬಳೇ ಕಳಿಸಲಾಗದು ಎಂದು ದಿನವೂ ನನ್ನ ಜೊತೆಗೆ ಹೊರಡುತ್ತಿದ್ದರು. ಮುಂದೆ ಅವರು, ಹಿಂದೆ ಮಾರುದೂರದಲ್ಲಿ ಸೆರಗು ಹೊದ್ದ ನಾನು. ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಅಂಗಡಿಯನ್ನು ಮಧ್ಯಾಹ್ನದವರೆಗೆ ನಮ್ಮ ಯಜಮಾನರು ನೋಡಿಕೊಳ್ಳುತ್ತಿದ್ದರು. ನಾನು ಹೊರಗೆ ಬಂದ ಕೂಡಲೇ ದಾರಿಯುದ್ದಕ್ಕೂ ಪ್ರಶ್ನೆ. ಇವತ್ತು ಏನು ಹೇಳಿದರು? ಅದಾದ ಮೇಲೆ? ಹಾಗೆ ಮಾಡದಿದ್ದರೆ ಏನಾಗುತ್ತದಂತೆ? ಮಾವನಿಗೆ ಹೆರಿಗೆಯ ವಿಷಯ ಹೇಳುವುದೆಂದರೆ ನನಗೆ ನಾಚಿಕೆಯಿಂದ ಭೂಮಿಯೇ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವರಿಗೆ ಯಾವ ನಾಚಿಕೆಯೂ ಇರಲಿಲ್ಲ. ಶುಂಠಿ ಒಣಗಿಸುವ ವಿಷಯವನ್ನು ಹೇಗೆ ಕೇಳುತ್ತಿದ್ದರೋ ಹಾಗೆಯೇ ಕೇಳುತ್ತಿದ್ದರು. ನೀನು ಮರೆತರೂ ಮನೆಯಲ್ಲಿ ಒಬ್ಬರಿಗೆ ನೆನಪಿರಲಿ ಎನ್ನುವುದು ಅವರ ಸಿದ್ಧಾಂತ. ಹೀಗೆ ಹೊಂಗೆಮರದ ಕೆಳಗೆ ಅವರ ಜೊತೆ ಹರಟುತ್ತಿದ್ದ ಆಸ್ಪತ್ರೆಯ ಜವಾನನಿಗೂ ಅರ್ಧ ಪಾಠ ಬಂದುಹೋಯಿತು. ಹೆಂಡತಿಯರನ್ನು ಕರೆತಂದ ಗಂಡಂದಿರನ್ನು ಗೇಟಿನಲ್ಲೇ ನಿಲ್ಲಿಸಿ ಬುದ್ಧಿ ಹೇಳಲು ಶುರುಮಾಡಿದ ಮೇಲೆ ಡಾಕ್ಟರಮ್ಮ ಅವನನ್ನು ಹಿಂದಿನ ಗೇಟಿಗೆ ಹಾಕಿದರು.

ಮೊದಲ ಪಾಠ ಕೈ ತೊಳೆಯುವುದು. ಅದೊಂದು ಪಾಠದಿಂದ ನಮ್ಮ ನೆಂಟಸ್ತಿಕೆಯೇ ಕೆಡುವ ಹಾಗಾಯಿತು. ಮಾವನವರು ಕಾರ್ಬಾಲಿಕ್ ಸೋಪು ತಂದು ಹಿತ್ತಲಿನ ಕಲ್ಲಿನ ಮೇಲೆ ಇಟ್ಟರು. ಮೊಣಕೈವರೆಗೆ ತಿಕ್ಕಿ ತೊಳೆಯದವರಿಗೆ ಮನೆಯಲ್ಲಿ ಅನ್ನವಿಲ್ಲ. ನಾದಿನಿಯ ಗಂಡನ ಮನೆಯವರು ಹಬ್ಬಕ್ಕೆ ಬಂದಾಗ ಸಾಲಾಗಿ ನಿಲ್ಲಿಸಿ ಉಗುರು ನೋಡಿದರು. ಬೀಗರು ದೊಡ್ಡ ಮನುಷ್ಯರು, ಬಲಗೈ ಕಿರುಬೆರಳಿನಲ್ಲಿ ಷೋಕಿಗೆ ಉದ್ದನೆಯ ಉಗುರು ಬೆಳೆಸಿದ್ದರು. ಅದನ್ನು ಕತ್ತರಿಸುವವರೆಗೂ ಎಲೆ ಹಾಕಿಸಲಿಲ್ಲ. ತಾವು ಹೆರಿಗೆ ಮಾಡಿಸಲು ಬಂದಿಲ್ಲ, ಹೋಳಿಗೆ ತಿನ್ನಲು ಬಂದಿದ್ದೇವೆ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ!

ಇನ್ನು ಗೊಂಬೆಯ ಪಾಠ. ಹೊಟ್ಟೆಯಲ್ಲಿ ಮಗು ಹೇಗೆ ಹೇಗೆ ಮಲಗಿರುತ್ತದೆ ಎಂದು ತೋರಿಸಲು ಆಸ್ಪತ್ರೆಯಲ್ಲಿ ತೊಗಲಿನ ಗೊಂಬೆ ಇತ್ತು. ನನಗೆ ಅದು ತಲೆಗೆ ಹತ್ತಲಿಲ್ಲ. ಮಾವನವರು ತಮ್ಮ ಹಳೆಯ ಪಂಚೆಯಲ್ಲಿ ಹತ್ತಿ ತುಂಬಿ ತಾವೇ ಒಂದು ಮಗು ಹೊಲಿದರು. ತಾಯಿಯ ಹೊಟ್ಟೆಯೆಂದರೆ ಅಂಗಡಿಯ ಮೆಣಸಿನ ಗೋಣಿಚೀಲ. ಬಿಡುವಾದಾಗಲೆಲ್ಲ ಗಲ್ಲಾದ ಹಿಂದೆ ಕೂತು ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ದೊಡ್ಡಬಳ್ಳಾಪುರದ ವ್ಯಾಪಾರಿಯೊಬ್ಬರು ಮೆಣಸು ಕೊಳ್ಳಲು ಬಂದರು. ಚೀಲದ ಬಾಯಿಂದ ಎರಡು ಪುಟ್ಟ ಕಾಲು ಹೊರಗೆ ಬಂದಿವೆ, ಮಾವನವರು ಬೆವರು ಸುರಿಸುತ್ತ "ಎಳೀಬಾರ್ದು, ಎಳೀಬಾರ್ದು, ತಾನಾಗೇ ಬರ್ಬೇಕು" ಎನ್ನುತ್ತಿದ್ದಾರೆ. ಆ ವ್ಯಾಪಾರಿ ಮತ್ತೆ ಆ ಬೀದಿಯಲ್ಲಿ ಕಾಣಿಸಲೇ ಇಲ್ಲ.

ಇಷ್ಟೆಲ್ಲ ಕಲಿತ ಮಹಾನುಭಾವರಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಬದನೆಕಾಯಿ ಹೆಚ್ಚುವಾಗ ಈಳಿಗೆಮಣೆ ನನ್ನ ಬೆರಳಿಗೆ ತಗುಲಿತು. ಎರಡು ಹನಿ ಬಿತ್ತೋ ಇಲ್ಲವೋ. ಮಾವನವರು ಪಾಠ ಒಪ್ಪಿಸುತ್ತಿದ್ದವರು ಹಾಗೆಯೇ ಗೋಡೆಗೆ ಒರಗಿ ಜಾರಿದರು. ಅತ್ತೆ ಓಡಿಬಂದು ಮುಖಕ್ಕೆ ತಣ್ಣೀರು ಚಿಮುಕಿಸಿ, ಕಣ್ಣುಬಿಟ್ಟ ಗಂಡನನ್ನು ನೋಡಿ, "ಎದ್ದೇಳಿ ಡಾಕ್ಟ್ರೇ" ಎಂದರು. ತಿಂಗಳುಗಟ್ಟಲೆ ಬಿಟ್ಟಿದ್ದ ಮಾತು ಹಾಗೆ ಶುರುವಾಯಿತು.

ಪರೀಕ್ಷೆ ಬಾಯಿಮಾತಿನದು. ಡಾಕ್ಟರಮ್ಮ ಮೇಜಿನ ಆಚೆ, ನಾನು ಈಚೆ. ಮೊದಲ ಪ್ರಶ್ನೆಗೇ ನನ್ನ ನಾಲಿಗೆ ಒಣಗಿತು. ಆಗ ಕಿಟಕಿಯ ಕಡೆಯಿಂದ ಉತ್ತರ ಬಂತು! ಜವಾನನನ್ನು ಕಳಿಸಿ ಮಾವನವರನ್ನು ಅಟ್ಟಿಸಿದರು. ಎರಡನೆಯ ಪ್ರಶ್ನೆಗೆ ಇನ್ನೊಂದು ಕಿಟಕಿಯಿಂದ ಉತ್ತರ ಬಂತು. ಡಾಕ್ಟರಮ್ಮ ನಗು ತಡೆಯಲಾರದೆ ಅವರನ್ನೇ ಒಳಗೆ ಕರೆಸಿ, ಬಾಗಿಲ ಹತ್ತಿರ ಕೂರಿಸಿ, ಬಾಯಿಗೆ ಬೆರಳು ಇಟ್ಟುಕೊಳ್ಳಲು ಹೇಳಿದರು. ವಿಚಿತ್ರ ನೋಡಿ, ಅವರು ಬೆರಳಿಟ್ಟುಕೊಂಡು ಕೂತಿದ್ದನ್ನು ಕಂಡ ಮೇಲೆ ನನಗೆ ಎಲ್ಲ ಪಾಠವೂ ನೆನಪಾಯಿತು. ಕೊನೆಗೆ ಡಾಕ್ಟರಮ್ಮ ನಾನು ಪಾಸಾದೆ ಎಂದರು. ಮಾವನವರ ಕಡೆ ತಿರುಗಿ, "ನೀವೂ ಪಾಸೇ ಯಜಮಾನ್ರೇ. ಆದ್ರೆ ಸರ್ಟಿಫಿಕೇಟು ಕೊಡಕ್ಕೆ ನಿಮ್ಮ ಮೀಸೆ ಅಡ್ಡ ಬರತ್ತೆ" ಎಂದರು.

ಓದೇನೋ ಮುಗಿಯಿತು. ಆದರೆ ಕರೆಯುವವರು ಯಾರು? ಮಾವನವರು ಬಾಣಂತಿ ಮದ್ದಿನ ಸಾಮಾನಿಗೆ ಬಂದವರಿಗೆಲ್ಲ ನನ್ನ ವಿಷಯ ಹೇಳುತ್ತಿದ್ದರು. ಬಂದವರು ಶುಂಠಿ ತೆಗೆದುಕೊಂಡು, ನಕ್ಕು, ಹೋಗುತ್ತಿದ್ದರು. ಏಕೆಂದು ಯಾರೂ ಅವರ ಎದುರಿಗೆ ಹೇಳಲಿಲ್ಲ. ನನಗೆ ಮಾತ್ರ ನೀರಿನ ನಲ್ಲಿಯ ಹತ್ತಿರ ಕೇಳಿಸಿತು. ಒಂದು ಮಗುವನ್ನೂ ಹೆರದವಳ ಕೈ ಹಸುಗೂಸನ್ನು ಮೊದಲು ಮುಟ್ಟಬಾರದಂತೆ. ಮನೆಗೆ ಬಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಕೇಳಿದವರಿಗೆ ಹೊಗೆ ಎಂದು ಹೇಳಿದೆ.

ಹೀಗೆ ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಮಾವನವರು ಜಟಕಾ ಹತ್ತಿಕೊಂಡು ಮನೆಗೇ ಬಂದರು. ಮುಂದೆ ಗಾಡಿಯವನ ಪಕ್ಕದಲ್ಲಿ ಒಬ್ಬ ಯುವಕ ಬೆವೆತು ಕೂತಿದ್ದ. ಓಕಳಿಪುರದ ಕಡೆಯವನು, ಸೊಪ್ಪು ತರಕಾರಿ ಬೆಳೆಯುವ ಮನೆಯವನು. ಹೆಂಡತಿಗೆ ಹಿಂದಿನ ದಿನದಿಂದ ನೋವು, ಅವರ ಸೂಲಗಿತ್ತಿ ಬೇರೆ ಊರಿಗೆ ಹೋಗಿದ್ದಾಳೆ. ಏನಾದರೂ ಕಷಾಯ ಕೊಡಿ ಎಂದು ಅಂಗಡಿಗೆ ಬಂದವನನ್ನು ಮಾವನವರು ಕೈಹಿಡಿದು ಎಳೆದುಕೊಂಡು ಬಂದಿದ್ದರು.

ಗಾಡಿಯಲ್ಲಿ ನಾನು ಕಲಿತದ್ದನ್ನೆಲ್ಲ ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದೆ. ಮಾವನವರು ಮೊದಲ ಸಲ ಪಾಠ ಕೇಳಲಿಲ್ಲ. ರೈಲುಗೇಟಿನ ಹತ್ತಿರ ಗಾಡಿ ನಿಂತಾಗ, ಮುಂದೆ ಕೂತವನಿಗೆ ಕೇಳಿಸದ ಹಾಗೆ ಹೇಳಿದರು: "ಬಾಣಂತಿಗೆ ಅಂತ ಶುಂಠಿ ಹಿಪ್ಪಲಿ ಕಟ್ಟಿಸ್ಕೊಂಡು ಹೋದೋರು ಎಷ್ಟೋ ಜನ ಆ ಪೊಟ್ಟಣಾನ ಬಿಚ್ಚದೇನೇ ವಾಪಸು ತರ್ತಾರೆ ಕಣಮ್ಮ. ನಾನು ಯಾಕೆ ಅಂತ ಕೇಳಲ್ಲ. ತಗೊಂಡು ಕರ್ಪೂರ ಕಟ್ಟಿಕೊಡ್ತೀನಿ. ನನಗೆ ಸಾಕಾಗಿದೆ."

ಗೇಟು ತೆರೆಯಿತು.

ಆ ಮನೆಯ ಬಾಗಿಲಲ್ಲಿ ಹುಡುಗಿಯ ಅತ್ತೆ ನಿಂತಿದ್ದಳು. ಗಟ್ಟಿಮುಟ್ಟಾದ ಮುದುಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಡ್ಡವಾಗಿಯೇ ನಿಂತು ಕೇಳಿದಳು: "ನಿನಗೆಷ್ಟು ಮಕ್ಕಳಮ್ಮ?"

ಒಳಗೆ ಹುಡುಗಿ ನರಳುತ್ತಿದ್ದಳು. ಸುಳ್ಳು ಹೇಳೋಣವೆಂದರೆ ಬಾಯಿ ಬರಲಿಲ್ಲ, ನಿಜ ಹೇಳಿದರೆ ಬಾಗಿಲು ಮುಚ್ಚುತ್ತಿತ್ತು. ಆಗ ಮಾವನವರು ನನ್ನ ಹಿಂದಿನಿಂದ ಮುಂದೆ ಬಂದು, ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನೆರೆತ ತಲೆ ಬಗ್ಗಿಸಿ ಹೇಳಿದರು:

"ನಾನೊಬ್ಬನೇ, ತಾಯಿ. ನನ್ನನ್ನ ಸಾಕೋದೇ ಇವಳಿಗೆ ಸಾಕಾಗಿದೆ."

ಮುದುಕಿ ಅವರ ಮೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನು ಅನ್ನಿಸಿತೋ, ಪಕ್ಕಕ್ಕೆ ಸರಿದಳು.

ಮುಂದಿನದು ಹೆಂಗಸರಿಗೆ ಗೊತ್ತು, ಗಂಡಸರಿಗೆ ಬೇಡ. ಮಾವನವರು ಜಗಲಿಯ ಮೇಲೆ ಕೂತು ಬಾಗಿಲ ಸಂದಿಯಿಂದ ಪಾಠ ಕೂಗುತ್ತಲೇ ಇದ್ದರು. ಆ ನೋವಿನಲ್ಲೂ ಹುಡುಗಿ, "ಯಾರಕ್ಕಾ ಅವ್ರು?" ಎಂದು ಕೇಳಿದಳು. ಹೊತ್ತು ಇಳಿಯುವ ಹೊತ್ತಿಗೆ ಮಗು ಬಂತು. ಬಂದದ್ದು ಅಳಲಿಲ್ಲ. ನಾನು ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ. ಹೊರಗಿನ ಪಾಠ ನಿಂತುಹೋಗಿತ್ತು. ನನಗೆ ಈಗ ಒಂದು ಮಾತು ಹೇಳಿಕೊಡಿ ಎಂದು ಕೂಗಬೇಕು ಅನ್ನಿಸಿತು. ಅಂಗಾಲಿಗೆ ತಟ್ಟಿದೆ, ಮತ್ತೆ ತಟ್ಟಿದೆ. ಮಗು ಮುಖ ಕಿವುಚಿ, ಮನೆಯ ಹೆಂಚು ಹಾರುವ ಹಾಗೆ ಕಿರುಚಿತು. ಹೆಣ್ಣುಮಗು. ಮುದುಕಿ ಅದನ್ನು ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿ, ಮೊದಲು ತನ್ನ ಮಗನ ಕೈಗೆ ಕೊಡದೆ ನನ್ನ ಮಡಿಲಿಗೇ ಹಾಕಿದಳು.

ಸಂಜೆ ಅದೇ ಜಟಕಾದಲ್ಲಿ ಹಿಂದಿರುಗಿದೆವು. ನಾಲ್ಕು ಕಟ್ಟು ದಂಟಿನ ಸೊಪ್ಪನ್ನೂ ಒಂದು ಕುಂಬಳಕಾಯಿಯನ್ನೂ ಗಾಡಿಗೆ ಹಾಕಿದ್ದರು. ಪಾಠ ಕೂಗಿ ಕೂಗಿ ಮಾವನವರ ಗಂಟಲು ಕಟ್ಟಿತ್ತು. ಪೇಟೆ ಹತ್ತಿರವಾಗುವಷ್ಟರಲ್ಲಿ ನಿದ್ದೆ ಹೋದರು. ಗಾಡಿ ಒಂದು ಹಳ್ಳಕ್ಕೆ ಇಳಿದು ಏರಿದಾಗ ಅವರ ತಲೆ ವಾಲಿ ನನ್ನ ಭುಜದ ಮೇಲೆ ಬಂತು. ಮಾವನ ಎದುರಿಗೆ ಸೊಸೆ ಕೂರುವುದೂ ಇಲ್ಲದ ಕಾಲ ಅದು. ಬೀದಿಯಲ್ಲಿ ಜನ ನೋಡುತ್ತಿದ್ದರು. ನಾನು ಭುಜ ಸರಿಸಲಿಲ್ಲ. ನಿಧಾನಕ್ಕೆ ಹೊಡಿಯಪ್ಪಾ ಎಂದು ಗಾಡಿಯವನಿಗೆ ಮೆಲ್ಲನೆ ಹೇಳಿದೆ.