ಕಾಗದದ ಮೇಲಿನ ಮೂರಡಿ

ಸುಳ್ಳು ಹೇಳಿ ಹೊಟ್ಟೆ ಹೊರೆಯುವವರಲ್ಲಿ ನಾನೂ ಒಬ್ಬ. ವಕೀಲನಲ್ಲ, ಜ್ಯೋತಿಷಿಯಲ್ಲ, ಹೊಸಪೇಟೆಯಲ್ಲಿ ಮನೆಗಳ ನಕ್ಷೆ ಬರೆಯುವವನು. ನಮ್ಮ ಕಸುಬಿನಲ್ಲಿ ಒಂದು ಮನೆಗೆ ಎರಡು ನಕ್ಷೆ. ನಗರಸಭೆಗೆ ಕೊಡುವುದರಲ್ಲಿ ಗಾಳಿ ಬೆಳಕಿಗೆಂದು ಸುತ್ತ ಜಾಗ ಬಿಟ್ಟಿರುತ್ತೇವೆ. ಮೇಸ್ತ್ರಿಗೆ ಕೊಡುವುದರಲ್ಲಿ ಅದೇ ಜಾಗದಲ್ಲಿ ಅಡುಗೆಮನೆ ಇರುತ್ತದೆ. ನಾನು ಇದುವರೆಗೆ ಕಾಗದದ ಮೇಲೆ ಬಿಟ್ಟ ಜಾಗವನ್ನೆಲ್ಲ ಕೂಡಿಸಿದರೆ ಊರಿಗೊಂದು ಒಳ್ಳೆಯ ಉದ್ಯಾನವಾಗುತ್ತಿತ್ತು. ನೆಂಟರನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಬಜಾರಿನ ಅಗಲ ಕಂಡು ಬಾಯಿ ಬಿಡುತ್ತಾರೆ. ಆ ಕಾಲದವರಿಗೆ ನನ್ನಂಥವನು ಸಿಕ್ಕಿರಲಿಲ್ಲ, ಅಷ್ಟೆ.

ಪಕ್ಕದ ಶೇಖರಪ್ಪನವರು ಹಳೆಯ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸಲು ಹೊರಟಾಗ ನನ್ನ ಬಳಿಯೇ ಬಂದರು. ಕಾರ್ಖಾನೆಗೆ ಹೋಗಿಬರುವ ಹುಡುಗರಿಗೆ ಬಾಡಿಗೆ ಮನೆ ಸಿಗುತ್ತಿಲ್ಲ ಎನ್ನುವುದು ನಿಜ. ಮನೆಗಳು ಬೇಕು, ಮೇಲೆ ಏಳಲೂ ಬೇಕು, ಅದಕ್ಕೆ ನನ್ನ ತಕರಾರಿಲ್ಲ. "ನಿಮ್ಮ ಕಡೆ ಮೂರಡಿ ಬಿಟ್ಟೇ ಕಟ್ತೀನ್ರೀ. ನೀವು ನಮ್ಮೋರಲ್ಲೇನು?" ಎಂದರು. ನಂಬಿದೆ! ಊರಿಗೆಲ್ಲ ಟೋಪಿ ಹಾಕುವವನು ತನ್ನ ತಲೆ ಮುಟ್ಟಿ ನೋಡಿಕೊಳ್ಳುವುದಿಲ್ಲ ನೋಡಿ. ನಗರಸಭೆಯ ನಕ್ಷೆ ನಾನು ಬರೆದುಕೊಟ್ಟೆ. ಮೇಸ್ತ್ರಿಯ ನಕ್ಷೆಯನ್ನು ಅವರು ಬೇರೆಯವರಿಂದ ಬರೆಸಿದರು.

ಗೋಡೆ ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಎದ್ದಿತು. ನಮ್ಮವ್ವನಿಗೆ ಮೊಣಕಾಲು ನೋವು. ಬೆಳಗಿನ ಎಳೆಬಿಸಿಲಿಗೆ ಅಂಗಳದಲ್ಲಿ ಕುಳಿತರೆ ಮಾತ್ರ ಆಮೇಲೆ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಮೂರನೆಯ ಅಂತಸ್ತು ಏಳುವಷ್ಟರಲ್ಲಿ ಆ ಬಿಸಿಲು ಹೋಯಿತು. ಈಗ ಇಬ್ಬರು ಹಿಡಿದೆಬ್ಬಿಸಬೇಕು. ಮೈಯೆಲ್ಲ ಉರಿದು ನಗರಸಭೆಗೆ ಹೋಗಿ ಮೇಜು ಗುದ್ದಿದೆ. ಎಂಜಿನಿಯರು ಕಡತ ತೆಗೆದು ನಕ್ಷೆ ಹರಡಿದರು. "ಭಾಳ ಚಂದ ಬರದಾರ ನೋಡ್ರಿ, ಮೂರಡಿ ಬಿಟ್ಟೈತಿ. ಸಹಿ ಯಾರದು?"

ಸಹಿ ನನ್ನದೇ. "ಕಾಗದ ಬ್ಯಾಡ್ರಿ, ಬಂದು ಅಳೀರಿ" ಎಂದೆ.

"ಅಳೀತೀವಿ. ನಿಮ್ಮ ಸಹಿ ಇರೋ ಮನೀ ಎಲ್ಲಾ ಅಳೀಬೇಕಾಗ್ತೈತಿ. ನಿಮ್ಮ ಮನಿಯಿಂದ ಶುರು ಮಾಡೋಣೇನು?"

ಅವರು ತರಿಸಿದ ಚಹಾ ಕುಡಿದು ಎದ್ದು ಬಂದೆ.

ಅವ್ವನಿಗೆ ಮುಚ್ಚಿಡದೆ ಹೇಳಿದೆ. "ಹಂಗಾರ ಆ ಕಾಗದದಾಗ ಒಂದು ಕುರ್ಚಿ ಬರದುಬಿಡಪಾ, ಅಲ್ಲೇ ಕುಂದರ್ತೀನಿ" ಎಂದಳು. ಹೇಳಿ ನಗಲೂ ಇಲ್ಲ.

ದಾರಿ ತೋರಿಸಿದವಳು ಹೆಂಡತಿ. ಹಿತ್ತಲಲ್ಲಿ ಇನ್ನೂ ಬಿಸಿಲಿದೆ, ಅಲ್ಲೇ ಅತ್ತೆಗೊಂದು ಕೋಣೆ ಎಬ್ಬಿಸಿ ಎಂದಳು. ಹಿತ್ತಲೆಂದರೆ ಇರುವುದೇ ನಾಲ್ಕಡಿ. ಅದರಾಚೆ ಹಿಂದಿನ ಮನೆಯ ಟೀಚರಮ್ಮನ ಅಡುಗೆಮನೆ ಕಿಟಕಿ. ನಿನ್ನೆ ನಾನು ಟೇಪು ಹಿಡಿದು ಅಳೆಯುತ್ತಿದ್ದಾಗ ಅವರು ಆ ಕಿಟಕಿಯಿಂದ ಇಣುಕಿ, "ಅಣ್ಣಾರ, ನಮ್ಮ ಕಡೆ ಜಾಗ ಬಿಡ್ತೀರಲ್ರೀ?" ಎಂದು ಕೇಳಿದರು.

ನನ್ನ ಕಂಕುಳಲ್ಲಿ ಎರಡು ನಕ್ಷೆಗಳಿದ್ದವು.

"ಮೂರಡಿ ಬಿಟ್ಟೇ ಕಟ್ತೀನ್ರೀ ಅಕ್ಕಾರ" ಎಂದೆ. "ನೀವು ನಮ್ಮೋರಲ್ಲೇನು?"