ಪ್ರಣವ್ ಕಟ್ಟಿದ ಕಂಪೈಲರ್

ಲಿಸ್ಪ್ ಕಂಪೈಲರ್ ಕಟ್ಟಬೇಕಾದರೆ ಮೊದಲು ನಿಮ್ಮ ಹತ್ತಿರ ಒಂದು ಲಿಸ್ಪ್ ಕಂಪೈಲರ್ ಇರಬೇಕು ಎಂದು ಪರದೆ ಹೇಳಿತು. ಪ್ರಣವ್ ಇನ್ನೊಮ್ಮೆ ಓದಿದ. ಅರ್ಥವೇನೂ ಬದಲಾಗಲಿಲ್ಲ. ಬಸ್ಸಿನೊಳಗೆ ಕೂತಿರುವವರು ಕೈ ತೋರಿಸಿದರೆ ಮಾತ್ರ ಬಸ್ಸು ನಿಲ್ಲಿಸುತ್ತೇನೆ ಎನ್ನುವ ಕಂಡಕ್ಟರನನ್ನು ಕಂಡ ಹಾಗಾಯಿತು ಅವನಿಗೆ.

ದಾವಣಗೆರೆಯ ಪ್ರಣವ್ ತಮಿಳು ಸೀಮೆಯ ತುಡಿಯಲೂರಿನ ಪಂಪ್ ಕಾರ್ಖಾನೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವನಿಗಿಂತ ಮೊದಲು ಅಲ್ಲಿ ಪಂಪಿನ ವಿನ್ಯಾಸ ಮಾಡುತ್ತಿದ್ದವರು ಚಂದ್ರಪ್ಪ. ಅವರು ನಿವೃತ್ತರಾಗಿ ಕಾಶಿಯಾತ್ರೆಗೆ ಹೊರಟ ವಾರವೇ ಅವರ ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ಸತ್ತಿತು. ಅದರ ಡಿಸ್ಕಿನಿಂದ ಉಳಿದು ಬಂದದ್ದು ಒಂದೇ ಒಂದು ಪ್ರೋಗ್ರಾಂ, ಅದೂ ಲಿಸ್ಪ್ ಭಾಷೆಯದು. ತೆರೆದು ನೋಡಿದರೆ ಉದ್ದಕ್ಕೂ ಬರೀ ಆವರಣ ಚಿಹ್ನೆಗಳು, ಯಾರೋ ಕತ್ತರಿಸಿದ ಉಗುರುಗಳನ್ನು ಪುಟದ ತುಂಬ ಚೆಲ್ಲಿದ ಹಾಗೆ.

"ಚಂದ್ರಪ್ಪ ಊಟದ ಹೊತ್ತಲ್ಲೂ ಅದರ ಮುಂದೇನೇ ಕೂತಿರೋರು. ನಮ್ಮ ಪಂಪಿನ ಲೆಕ್ಕ ಪೂರಾ ಅದರೊಳಗೇ ಅದೆ ತಂಬಿ," ಎಂದಿದ್ದರು ಮಾಲೀಕ ರಾಮಲಿಂಗಂ. ಕಾರಮಡೈಯ ಬಾಳೆತೋಟದವರು ದೊಡ್ಡ ಆರ್ಡರ್ ಹಿಡಿದುಕೊಂಡು ಸೋಮವಾರ ಬೆಳಿಗ್ಗೆ ಬರುವವರಿದ್ದರು. "ಭಾನುವಾರ ಸಾಯಂಕಾಲ ನಾನೇ ನಿನ್ನ ಮನೆಗೆ ಬರ್ತೀನಿ. ಓಡಿಸಿ ತೋರಿಸು. ಆಗದೆ ಇದ್ರೆ ಈಗ್ಲೇ ಹೇಳು, ಬೇರೆ ಇಂಜಿನಿಯರ್ ನೋಡ್ಕೋತೀನಿ."

ಆಗುತ್ತದೆ ಎಂದುಬಿಟ್ಟಿದ್ದ ಪ್ರಣವ್. ಆದರೆ ಆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಿ ಓಡಿಸಲು ಲಿಸ್ಪ್ ಕಂಪೈಲರಿನ ಹಳೆಯ ಆವೃತ್ತಿಯೇ ಬೇಕಿತ್ತು. ಅದು ಸಿದ್ಧವಾಗಿ ಎಲ್ಲೂ ಸಿಗದೆ, ಭಾನುವಾರ ಬೆಳಿಗ್ಗೆ ಎದ್ದವನೇ ಮೂಲ ಕೋಡ್ ಇಳಿಸಿಕೊಂಡು ತಾನೇ ಕಟ್ಟಲು ಕೂತಿದ್ದ.

ಹುಡುಕಿ ಹುಡುಕಿ ಬೇರೆ ಜಾತಿಯ ಒಂದು ಪುಟ್ಟ ಲಿಸ್ಪ್ ಕಂಪೈಲರನ್ನು ತಂದು ಆಸರೆಗೆ ನಿಲ್ಲಿಸಿದ. ಕೆಲಸ ಶುರುವಾಯಿತು. ಸಾಲುಗಳು ಪರದೆಯ ಮೇಲೆ ಸರಸರನೆ ಏರತೊಡಗಿದವು. ಪ್ರಣವ್ ಹಲ್ಲುಜ್ಜಲು ಎದ್ದ. ಬ್ರಷ್ಷಿಗೆ ಪೇಸ್ಟ್ ಹಚ್ಚುವಷ್ಟರಲ್ಲಿ ಕರೆಂಟು ಹೋಯಿತು.

ಮೆಟ್ಟಿಲಿಳಿದು ಓಡಿದರೆ, ಕೆಳಗಿನ ಮನೆಯ ಒಡತಿ ಮುತ್ತಮ್ಮಾಳ್ ಗ್ರೈಂಡರಿನ ಮುಂದೆ ಕೈ ತುಂಬ ಹಿಟ್ಟು ಮಾಡಿಕೊಂಡು ನಿಂತಿದ್ದರು.

"ಫ್ಯೂಸ್ ಹೋಯ್ತು ತಂಬಿ. ನೀನು ಮೇಲೆ ಏನು ಹಾಕಿದ್ದೆ?"

"ಕಂಪ್ಯೂಟರ್ ಅಮ್ಮ. ಕಂಪೈಲ್ ಆಗ್ತಾ ಇತ್ತು. ಮಧ್ಯದಲ್ಲಿ ನಿಂತ್ರೆ ಎಲ್ಲ ಮೊದಲಿಂದ ಮಾಡ್ಬೇಕು. ದಯವಿಟ್ಟು ಸ್ವಲ್ಪ ಹೊತ್ತು ಗ್ರೈಂಡರ್ ಹಾಕ್ಬೇಡಿ."

"ಸ್ವಲ್ಪ ಹೊತ್ತು ಅಂದ್ರೆ?"

ಅದು ಪ್ರಣವನಿಗೂ ಗೊತ್ತಿರಲಿಲ್ಲ. ಮುತ್ತಮ್ಮಾಳ್ ಅರ್ಧ ರುಬ್ಬಿದ ಉದ್ದಿನ ಮೇಲೆ ತಟ್ಟೆ ಮುಚ್ಚಿದರು. ಪ್ರಣವ್ ಫ್ಯೂಸ್ ಕಟ್ಟಿದ ಮೇಲೆ ಅವರೂ ಮೇಲಕ್ಕೆ ಬಂದು ಮೆಟ್ಟಿಲ ತುದಿಯಲ್ಲಿ ಕೂತು, "ಮುಗಿದ ತಕ್ಷಣ ಹೇಳು, ಇಲ್ಲೇ ಇರ್ತೀನಿ," ಎಂದರು.

ಎರಡನೆಯ ಸಲ ಕೆಲಸ ಅರ್ಧ ದಾರಿ ಮುಟ್ಟಿದಾಗ ಮೆಮೊರಿ ಸಾಲದು ಎಂದು ಬರೆದು ನಿಂತಿತು. ಅದೇ ಹೊತ್ತಿಗೆ ಎದುರು ಮನೆಯ ಮಾಯಣ್ಣ, ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದು ಈಗ ಬೀದಿಗೆಲ್ಲ ಮೇಸ್ತ್ರಿಯಾಗಿರುವವರು, ಮೆಟ್ಟಿಲೇರಿ ಬಂದು ಕಿಟಕಿಗೆ ಮುಖ ಇಟ್ಟರು.

"ಎನ್ನಪ್ಪಾ, ಮುಖ ಯಾಕೆ ಹಂಗೆ ಇಟ್ಕೊಂಡಿದೀಯ?"

"ಕಂಪೈಲ್ ಫೇಲಾಯ್ತು ಸರ್."

ಒಂದು ಕಿವಿ ಮಂದವಾಗಿದ್ದ ಮಾಯಣ್ಣನಿಗೆ ಅದು ಕಂಪ್ಲೇಂಟ್ ಫೈಲಾಯ್ತು ಎಂದು ಕೇಳಿಸಿತು. ಅವರು ಕಿಟಕಿಯಿಂದ ಮುಖ ತೆಗೆದು ಸುದ್ದಿ ಹೊತ್ತು ಬೀದಿಗಿಳಿದರು. ಪ್ರಣವ್ ನೀರು ಕುಡಿದು ಬರುವುದರೊಳಗೆ ಮುತ್ತಮ್ಮಾಳ್ ಅವರ ಮಗ ಸೆಂದಿಲ್ ಕುಮಾರ್ ತನ್ನ ಫ್ಲೆಕ್ಸ್ ಅಂಗಡಿ ಮುಚ್ಚಿ ಓಡಿ ಬಂದಿದ್ದ. ಹಿಂದೆ ಬೀದಿಯ ಅರ್ಧ ಜನವಿತ್ತು.

"ಯಾರ ಮೇಲೆ ಕೈ ಮಾಡ್ದೆ? ನಿಜ ಹೇಳು. ಸ್ಟೇಷನ್‌ನಲ್ಲಿ ನನಗೆ ಜನ ಗೊತ್ತುಂಟು," ಎಂದ ಸೆಂದಿಲ್.

ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ಕಂಪ್ಯೂಟರಿಗೆ ಮೆಮೊರಿ ಸಾಲುತ್ತಿಲ್ಲ ಅಷ್ಟೇ ಎಂದು ಬಿಡಿಸಿ ಹೇಳುವಷ್ಟರಲ್ಲಿ ಪ್ರಣವನಿಗೆ ಬೆವರು ಇಳಿಯಿತು. ಪೊಲೀಸರಿಲ್ಲ ಎಂದು ತಿಳಿದು ಜನಕ್ಕೆ ಕೊಂಚ ಬೇಸರವೇ ಆಯಿತು. ಆದರೂ ಯಾರೂ ಹೋಗಲಿಲ್ಲ.

"ಮೆಮೊರಿ ತಾನೆ?" ಎಂದು ಸೆಂದಿಲ್ ಅಂಗಡಿಯ ಕಂಪ್ಯೂಟರಿನಿಂದ ಒಂದು ತುಂಡು ಕಿತ್ತು ತಂದು ಕೂಡಿಸಿದ. ಮೂರನೆಯ ಸಲ ಶುರುವಾಯಿತು. ಮಾಯಣ್ಣ ಯಂತ್ರ ಬಿಸಿಯಾಗಬಾರದೆಂದು ತಮ್ಮ ಟೇಬಲ್ ಫ್ಯಾನ್ ತಂದಿಟ್ಟರು. ಮುತ್ತಮ್ಮಾಳ್ ಯಾರೂ ಮಿಕ್ಸಿ, ಮೋಟರ್ ಹಾಕಕೂಡದೆಂದು ಕಾಂಪೌಂಡಿಗೆಲ್ಲ ಹೇಳಿ ಕಳಿಸಿದರು. ಸಾಲುಗಳು ಏರುತ್ತಲೇ ಇದ್ದವು. ಅರ್ಥವಾಗದಿದ್ದರೂ ಎಲ್ಲರೂ ಕ್ರಿಕೆಟ್ಟಿನ ಕೊನೆಯ ಓವರಿನಂತೆ ನೋಡುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಪರದೆ ನಿಂತಿತು. ಕಂಪೈಲರ್ ಸಿದ್ಧ ಎಂದು ಬರೆದಿತ್ತು. ಪ್ರಣವ್ ನಂಬಲಾರದೆ ಪಕ್ಕದಲ್ಲಿದ್ದ ಮಾಯಣ್ಣನ ಕೈಯನ್ನೇ ಹಿಡಿದುಕೊಂಡ.

ಸರಿಯಾಗಿ ಆಗಲೇ ಬಾಗಿಲಲ್ಲಿ ರಾಮಲಿಂಗಂ ಕಾಣಿಸಿದರು.

"ಆಯ್ತಾ?"

"ಆಯ್ತು ಸರ್." ಬೆಳಿಗ್ಗೆಯಿಂದ ಅವನು ಹೆಮ್ಮೆಯಿಂದ ಆಡಿದ ಮೊದಲ ಮಾತು ಅದು. ಚಂದ್ರಪ್ಪನವರ ಪ್ರೋಗ್ರಾಂ ಓಡಿಸಿದ. ಪರದೆಯ ಮೇಲೆ ಅಡ್ಡಾದಿಡ್ಡಿ ಚಿಹ್ನೆಗಳ ಒಂದು ಸಾಲು ಮೂಡಿ, ಉತ್ತರಕ್ಕಾಗಿ ಕಾಯುತ್ತ ನಿಂತಿತು.

"ಇದೇನು, ಚೀನಾದ್ದಾ?" ಎಂದರು ರಾಮಲಿಂಗಂ.

ಸೆಂದಿಲ್ ಬಗ್ಗಿ ನೋಡಿದ. "ಇಲ್ಲೆ ಸಾರ್. ಇದು ಹಳೇ ತಮಿಳು ಫಾಂಟು. ಬ್ಯಾನರ್ ಕೆಲಸದಲ್ಲಿ ದಿನಾ ನೋಡ್ತೀನಿ." ತನ್ನ ಲ್ಯಾಪ್‌ಟಾಪ್ ತರಿಸಿ, ಆ ಸಾಲನ್ನು ಅದಕ್ಕೆ ಹಾಕಿ ಫಾಂಟ್ ಬದಲಿಸಿದ. ಚಿಹ್ನೆಗಳು ಅಕ್ಷರಗಳಾದವು. ಪ್ರಣವನಿಗೆ ತಮಿಳು ಓದಲು ಬರುತ್ತಿರಲಿಲ್ಲ. ಮುತ್ತಮ್ಮಾಳ್ ಕನ್ನಡಕ ಏರಿಸಿ ಓದಿದರು.

"ಹೆಣ್ಣಿನ ನಕ್ಷತ್ರ ಯಾವುದು ಅಂತ ಕೇಳ್ತದೆ."

ಪ್ರಣವ್ ಏನೋ ಒಂದು ಒತ್ತಿದ. ಇನ್ನೊಂದು ಸಾಲು ಬಂತು, ಸೆಂದಿಲ್ ಅದರ ಫಾಂಟನ್ನೂ ಬದಲಿಸಿದ.

"ಈಗ ಗಂಡಿನದ್ದು ಕೇಳ್ತದೆ," ಎಂದರು ಮುತ್ತಮ್ಮಾಳ್.

ಜಾತಕ ಕೂಡಿಸುವ ಪ್ರೋಗ್ರಾಂ. ಚಂದ್ರಪ್ಪ ಊಟದ ಹೊತ್ತಿನಲ್ಲಿ ಅದರ ಮುಂದೆ ಯಾಕೆ ಕೂತಿರುತ್ತಿದ್ದರು, ಕಾರ್ಖಾನೆಯ ಕೆಲಸಗಾರರೆಲ್ಲ ಅವರ ಟೇಬಲ್ ಸುತ್ತ ಯಾಕೆ ನಿಲ್ಲುತ್ತಿದ್ದರು ಎಂಬುದು ರಾಮಲಿಂಗಂ ಅವರಿಗೆ ನಿಧಾನವಾಗಿ ಹೊಳೆಯತೊಡಗಿತು.

"ಹಂಗಾದ್ರೆ ಪಂಪಿನ ಲೆಕ್ಕ?"

"ಇದರಲ್ಲಿ ಇಲ್ಲ ಸರ್," ಎಂದ ಪ್ರಣವ್.

ರಾಮಲಿಂಗಂ ಪರದೆಯನ್ನು ನೋಡಿದರು, ಪ್ರಣವನನ್ನು ನೋಡಿದರು. ಅವನು ಮನಸ್ಸಿನಲ್ಲೇ ದಾವಣಗೆರೆಯ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದಿದ್ದ. ಅಷ್ಟರಲ್ಲಿ ರಾಮಲಿಂಗಂ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು.

"ನನ್ನ ಮಗಳದು ಉತ್ತಿರಂ ನಕ್ಷತ್ರ," ಎಂದರು ದನಿ ತಗ್ಗಿಸಿ. "ಪೊಳ್ಳಾಚಿ ಹುಡುಗಂದು ರೋಹಿಣಿ. ಹಾಕು."

ಪ್ರಣವ್ ಹಾಕಿದ. ಕಂಪ್ಯೂಟರ್ ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟಿತು. ಮುತ್ತಮ್ಮಾಳ್ ಓದಿ, "ನಲ್ಲಾ ಹೊಂದ್ತದೆ. ಧಾರಾಳವಾಗಿ ಮಾಡಬಹುದು ಅಂತ ಅದೆ," ಎಂದರು.

ರಾಮಲಿಂಗಂ ಕಣ್ಣೊರೆಸಿಕೊಂಡು ಎದ್ದರು. ಪ್ರಣವನ ಹೆಗಲು ತಟ್ಟಿದರು.

"ಎಷ್ಟು ಕಷ್ಟದ್ದು ಮಾಡ್ಬಿಟ್ಟೆ ತಂಬಿ. ಪಂಪಿನ ಲೆಕ್ಕ ನಿನಗೆ ಯಾವ ಮೂಲೆಗೆ. ಬೆಳಿಗ್ಗೆ ಕಾರಮಡೈಯವರು ಬರೋದ್ರೊಳಗೆ ಬರೆದು ತಂದುಬಿಡು."

ಪ್ರಣವ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಖಾಲಿಯಾದ ಕುರ್ಚಿಯಲ್ಲಿ ಮಾಯಣ್ಣ ಬಂದು ಕೂತಿದ್ದರು. ಅವರ ಹಿಂದೆ ಸಾಲು ಮೆಟ್ಟಿಲಿಳಿದು ಬೀದಿಯವರೆಗೂ ಹೋಗಿತ್ತು.

"ಮೊಮ್ಮಗಳದು ಅನುಷಂ," ಎಂದರು ಮಾಯಣ್ಣ. "ಗಂಡುಗಳು ತುಂಬ ಜನ ಇದಾರೆ. ನಿಧಾನವಾಗಿ ಹಾಕು, ನನಗೇನೂ ಅವಸರ ಇಲ್ಲೆ."