ಎಮ್ಮೆಗೆ ಬಿದ್ದ ಹೂವು

ನಮ್ಮ ಯಜಮಾನರ ರಿಟೈರ್‌ಮೆಂಟ್ ಹಣ ಕಾಯುವ ಯೋಗ್ಯತೆ ಬೈಲಹೊಂಗಲದಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ ಎಂದು ನಾನು ತಿಳಿದಿದ್ದೆ. ಕಾರಣಗಳೂ ಇದ್ದವು. ಹಾಲು ಉಕ್ಕಿಸಿದ ದಾಖಲೆ ಇಲ್ಲ. ಉಪ್ಪಿನಕಾಯಿಗೆ ಬೂಷ್ಟು ಹಿಡಿಸಿದ ದಾಖಲೆ ಇಲ್ಲ. ಸೋಮವಾರದ ಉಪವಾಸ ತಪ್ಪಿಸಿದ ದಾಖಲೆಯಂತೂ ಇಲ್ಲವೇ ಇಲ್ಲ!

ಅವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಮೂವತ್ಮೂರು ವರ್ಷ ಲೆಕ್ಕ ಬರೆದವರು. ಪೆನ್ಶನ್ ಇಲ್ಲದ ನೌಕರಿ. ಹತ್ತಿಯ ಧೂಳು ಕುಡಿದು ಕುಡಿದು ಕೆಮ್ಮೊಂದು ಮಾತ್ರ ಕಾಯಂ ಆಗಿತ್ತು. ಕೆಲಸ ಬಿಟ್ಟ ದಿನ ಮನೆಗೆ ಬಂದವರೇ, "ಇನ್ನ ಯಾರ ಲೆಕ್ಕಾನೂ ನಾ ಬರ್ಯಾಂವಲ್ಲ. ಕಟ್ಟಿ ಮ್ಯಾಲ ಕುಂತ ಪೇಪರ್ ಓದಾಂವ," ಎಂದರು. ಬದುಕಿನಲ್ಲಿ ಅವರು ಬಾಯಿಬಿಟ್ಟು ಹೇಳಿದ ಆಸೆ ಅದೊಂದೇ. ಅದಕ್ಕೆ ಇದ್ದ ಆಧಾರ, ಕೈಗೆ ಬಂದ ಹನ್ನೊಂದು ಲಕ್ಷ.

ನನ್ನ ಅಕ್ಕನ ಮಗ ಗಿರೀಶ ವಿಮೆ, ಫಂಡು ಮಾಡಿಸುವವನು. ಎರಡು ಲಕ್ಷವನ್ನು ಖರ್ಚಿಗೆಂದು ಬ್ಯಾಂಕಿನಲ್ಲಿ ಇಡಿಸಿ, ಒಂಬತ್ತು ಲಕ್ಷವನ್ನು ಶೇರು ಮಾರುಕಟ್ಟೆಯ ಫಂಡಿಗೆ ಹಾಕಿಸಿದ. ಮೂರು ವರ್ಷ ಮುಟ್ಟಬಾರದು, ಆಮೇಲೆ ತಿಂಗಳಿಗಿಷ್ಟು ಎಂದು ತೆಗೆದುಕೊಳ್ಳುತ್ತ ಹೋಗುವುದು. "ಚಿಗವ್ವಾ, ಅದು ಏರ್ತೈತಿ, ಇಳೀತೈತಿ. ನೀ ದಿನಾ ನೋಡಾಕ ಹೋಗಬ್ಯಾಡ," ಎಂದು ಹೇಳಿ, ದಿನಾ ನೋಡಲು ಅನುಕೂಲವಾಗುವಂತೆ ನನ್ನ ಫೋನಿನಲ್ಲಿಯೇ ಆ್ಯಪ್ ಹಾಕಿಕೊಟ್ಟು ಹೋದ!

ಹಣ ನನ್ನ ಹೆಸರಿನಲ್ಲಿತ್ತು. ಮನೆಯಾಕೆಯ ಹೆಸರಿನಲ್ಲಿಟ್ಟರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬುದು ಯಜಮಾನರ ನಂಬಿಕೆ. ಮೂವತ್ಮೂರು ವರ್ಷ ಲೆಕ್ಕ ಬರೆದವರು ಮಾಡಿದ ಒಂದೇ ತಪ್ಪು ಲೆಕ್ಕ ಅದು.

ಮೊದಲ ನಾಲ್ಕು ತಿಂಗಳು ಸುಖವಾಗಿತ್ತು. ಬೆಳಿಗ್ಗೆ ದೀಪ ಹಚ್ಚುವುದು, ಆ್ಯಪ್ ತೆರೆಯುವುದು. ಹಸಿರು ಕಂಡರೆ ದೇವರಿಗೆ ಎರಡು ಊದಿನಕಡ್ಡಿ, ಕೆಂಪು ಕಂಡರೆ ನಾಲ್ಕು. ಐದನೇ ತಿಂಗಳಿಂದ ಊದಿನಕಡ್ಡಿಯ ಖರ್ಚು ವಿಪರೀತವಾಯಿತು. ಒಂಬತ್ತು ಲಕ್ಷ ಇದ್ದದ್ದು ಎಂಟು ಲಕ್ಷ ಇಪ್ಪತ್ತು ಸಾವಿರಕ್ಕೆ ಬಂದು ನಿಂತಿತು.

"ರೀ, ಎಂಬತ್ತ ಸಾವಿರ ಹೋತಲ್ರಿ!"

"ಹೋಗಿಲ್ಲ. ಇಳದೈತಿ."

"ಇಳದ ಎಲ್ಲಿಗಿ ಹೋತ್ರಿ? ಯಾರ ಮನ್ಯಾಗ ಕುಂತೈತಿ ಅದು?"

ಅವರು ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿದು, ಅದರ ಹಿಂದೆ ಕೆಮ್ಮಿದರು.

ಮನುಷ್ಯರಿಂದ ಉತ್ತರ ಸಿಗದಿದ್ದಾಗ ನಮ್ಮಲ್ಲಿ ಹೂವು ಕೇಳುತ್ತೇವೆ. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಹಚ್ಚಿ ಪ್ರಶ್ನೆ ಇಡುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಮದುವೆಯನ್ನು ಹೀಗೇ ಕೇಳಿ ಮಾಡಿದ್ದರು. ದೊಡವಾಡದ ಬಸ್ಸು ಹತ್ತಿ ನಮ್ಮ ಮನೆದೇವರ ಗುಡಿಗೆ ಹೋದೆ. "ರೊಕ್ಕ ಅಲ್ಲೇ ಇರ್ಲೇನಪಾ ನಮ್ಮಪ್ಪಾ?" ಎಂದು ಕೇಳಿದೆ. ಬಲಗಡೆಯ ಹೂವು ಟಪ್ ಎಂದು ಬಿತ್ತು.

"ಅಲ್ಲೇ ಇರ್ಲಿ ಅಂತಾನವ್ವಾ," ಎಂದರು ಪೂಜಾರಿ ಅಯ್ಯನವರು.

ಎಂಟು ದಿನ ನೆಮ್ಮದಿ. ಒಂಬತ್ತನೇ ದಿನ ಇನ್ನೂ ಮೂವತ್ತು ಸಾವಿರ ಇಳಿಯಿತು. ಮತ್ತೆ ಹೋದೆ. ಮತ್ತೆ ಬಲಕ್ಕೇ ಬಿತ್ತು. ದೇವರು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಆದರೆ ಏಳು ಲಕ್ಷ ಹತ್ತು ಸಾವಿರ ಕಂಡ ಬೆಳಿಗ್ಗೆ ಊದಿನಕಡ್ಡಿಯ ಪೊಟ್ಟಣವನ್ನೇ ಪೂರ್ತಿ ಹಚ್ಚಿದೆ. ಯಜಮಾನರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಆ ಕಟ್ಟೆಯೇ ಜಾರುತ್ತಿದೆ ಎಂದು ಇವರಿಗೆ ಹೇಗೆ ಹೇಳುವುದು? ಅದೇ ಪ್ರಶ್ನೆ ಹಿಡಿದು ಮೂರನೇ ಸಲ ಬಸ್ಸು ಹತ್ತಿದೆ.

ಈ ಸಲ ಹೂವು ಬೀಳಲೇ ಇಲ್ಲ. ಅರ್ಧ ತಾಸು ಕುಳಿತೆ. ಒಂದು ತಾಸು ಕುಳಿತೆ. ಅಯ್ಯನವರಿಗೂ ಸಿಟ್ಟು ಬಂತು. "ಎರಡ ಸಲ ಹೇಳ್ಯಾನಲ್ಲವಾ? ಇನ್ನೇನ ಬಾಂಡ್ ಪೇಪರ್ ಮ್ಯಾಲ ಬರ್ದ ಕೊಡ್ಬೇಕೇನ?"

ನನ್ನ ಹಿಂದೆ ಒಬ್ಬ ಹೆಣ್ಣುಮಗಳು ಕಾದು ಕಾದು ಸಾಕಾಗಿ, ಕುಳಿತಲ್ಲಿಂದಲೇ ಕೈಮುಗಿದು, "ಗೊಡ್ಡ ಎಮ್ಮಿ ಐತೋ ಯಪ್ಪಾ, ಇಟ್ಕೊಳ್ಳೇನು?" ಎಂದು ಕೇಳಿಯೇ ಬಿಟ್ಟಳು. ಟಪ್! ಎಡಗಡೆಯ ಹೂವು ಬಿತ್ತು.

"ಎಮ್ಮಿ ಮಾರಿಬಿಡವಾ," ಎಂದರು ಅಯ್ಯನವರು.

ಅವಳು ಎದ್ದು ಹೋದಳು. ನಾನು ಮಾತ್ರ ಆ ಹೂವನ್ನೇ ನೋಡುತ್ತ ಕುಳಿತೆ. ಪಾಳಿ ಯಾರದು? ನನ್ನದು! ಒಂದು ತಾಸಿನಿಂದ ದೇವರ ಮುಂದೆ ಇದ್ದ ಅರ್ಜಿ ಯಾರದು? ನನ್ನದು! ನಡುವೆ ಬಾಯಿ ಹಾಕಿದ ಎಮ್ಮೆಗೆ ದೇವರು ಉತ್ತರ ಕೊಡುತ್ತಾನೆಯೇ? ಅಂದ ಮೇಲೆ ಆ ಹೂವು ನನ್ನದೇ ಎಂದು ನಾನು ಕೂಲಂಕಷವಾಗಿ ವಿಚಾರಿಸಿ ತೀರ್ಮಾನಿಸಿದೆ.

ಬಸ್ಸಿನಲ್ಲಿ ಕುಳಿತು ಆ್ಯಪ್ ತೆರೆದೆ. 'ಪೂರ್ತಿ ಹಿಂತೆಗೆಯಬೇಕೆ?' ಎಂದು ಕೇಳಿತು. ಹೌದು. 'ಖಚಿತವೇ?' ಎಂದಿತು. ಹೌದು! ಅಷ್ಟರಲ್ಲಿ ನೆಟ್ವರ್ಕ್ ಹೋಯಿತು. ದೇವರು ಅಷ್ಟು ದೂರ ಬೆನ್ನು ಹತ್ತಿ ಬಂದು ತಡೆದಿದ್ದ, ಪಾಪ. ನಾನು ಬಿಡಬೇಕಲ್ಲ! ಕಿಟಕಿಯಿಂದ ಕೈ ಹೊರಗೆ ಚಾಚಿ ನೆಟ್ವರ್ಕ್ ಹಿಡಿದೆ. "ಯಕ್ಕಾ, ಕೈ ಒಳಗ ತಗೋರಿ, ಮುರೀತೈತಿ!" ಎಂದು ಕಂಡಕ್ಟರ್ ಕೂಗಿದ. ಕೈ ಒಳಗೆ ಬರುವಷ್ಟರಲ್ಲಿ ಓಟಿಪಿ ಬಂದಿತ್ತು.

ಕೆಲವು ದಿನಗಳ ಮೇಲೆ, ಊಟದ ಹೊತ್ತಿಗೆ ಬ್ಯಾಂಕಿನ ಸಂದೇಶ ಬಂತು. ಫೋನು ಅವರ ಪಕ್ಕದಲ್ಲೇ ಇತ್ತು.

"ಇದೇನಿದು? ಯಾರ್ನ ಕೇಳಿ ತಗದಿ?"

"ದೇವರ್ನ."

"ದೇವ್ರು ತಗಿ ಅಂದ್ನೇನು?"

ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ರೊಟ್ಟಿಯ ಚೂರು ಕೈಯಲ್ಲಿ ಹಿಡಿದೇ ಕೇಳಿದರು.

"ಅಂದ್ರ, ಎಮ್ಮಿಗಿ ಬಿದ್ದ ಹೂವು?"

"ಪಾಳಿ ನಂದಿತ್ರಿ!"

ಅವರು ರೊಟ್ಟಿಯನ್ನು ತಾಟಿನಲ್ಲಿಟ್ಟು, "ದೇವರು ಎಮ್ಮಿ ಮಾರಂದ್ರ ನೀ ನನ್ನ ಮಾರಿ ಬಂದಿ," ಎಂದು ಎದ್ದು ಕೈ ತೊಳೆದರು. ಅರ್ಧ ರೊಟ್ಟಿ ಹಾಗೇ ಉಳಿಯಿತು.

ಮಾರುಕಟ್ಟೆ ಅಲ್ಲಿಂದ ಏರತೊಡಗಿತು. ನಾನು ಇಳಿಯುವುದನ್ನೇ ಕಾಯುತ್ತಿತ್ತೋ ಏನೋ! ಐದು ತಿಂಗಳಿಗೆ ಗಿರೀಶ ಬಂದು ಲೆಕ್ಕ ಹಾಕಿದ. ಮುಟ್ಟದೆ ಇದ್ದಿದ್ದರೆ ಒಂಬತ್ತೂವರೆ ಲಕ್ಷ ಆಗುತ್ತಿತ್ತಂತೆ. "ಮತ್ತ ಹಾಕೋಣೇನ ಚಿಗವ್ವಾ?" ಎಂದ. ಯಜಮಾನರು ಅವನನ್ನು ನೋಡಿದ ರೀತಿಗೆ ಚಹಾ ಕುಡಿಯದೇ ಹೋದ. ಉಳಿದ ಏಳು ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ಅದರ ಬಡ್ಡಿ ಸಂತೆಗೆ, ಗ್ಯಾಸಿಗೆ ಸಾಲುತ್ತದೆ. ಕೆಮ್ಮಿನ ಔಷಧಕ್ಕೆ ಸಾಲುವುದಿಲ್ಲ.

ಈಗ ಅವರು ಪೇಟೆಯ ಒಬ್ಬ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಾರೆ. ದೇವರ ದಯೆ, ಅದು ಕಾಳಿನ ಅಂಗಡಿ, ಹತ್ತಿಯದಲ್ಲ. ಕುರ್ಚಿ ಇದೆ. ಫ್ಯಾನೂ ಇದೆ, ಕರೆಂಟ್ ಇದ್ದಾಗ. ಮಾಲೀಕ ಇವರನ್ನು "ಕಾಕಾರ" ಎಂದು ಕರೆಯುತ್ತಾನೆ. ಸಿಕ್ಕಿದ್ದನ್ನು ಎಣಿಸಿಕೊಳ್ಳಬೇಕಲ್ಲ, ಎಣಿಸಿಕೊಳ್ಳುತ್ತೇನೆ.

ಮೊನ್ನೆ ಮುಂಜಾನೆ ಅವರ ಚೀಲದಲ್ಲಿ ಬುತ್ತಿ ಇಟ್ಟು ಕೊಟ್ಟೆ. ಕೆಮ್ಮುತ್ತ ಓಣಿ ದಾಟಿ ಹೋದರು. ಎದುರುಮನೆಯ ಶಾಂತವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದವಳು ತಂಬಿಗೆ ಹಿಡಿದೇ ನಿಂತು ಕೇಳಿದಳು.

"ಅಲ್ರೀ ಅಕ್ಕಾರ, ನಿಮ್ಮನಿಯವ್ರು ರಿಟೈರ್ ಆಗಿದ್ರಲ್ಲ?"

"ಆಗಿದ್ರವಾ," ಎಂದೆ. "ನಾನ ರದ್ದ ಮಾಡೇನಿ."